ಪದಚರ್ಚೆ: ಪೈಪ್ ರೀರೂಟಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

> ಬಚ್ಚಲುಮನೆ ನವೀಕರಣದ ಕೈಪಿಡಿ ಅನುವಾದಿಸುತ್ತಿದ್ದೇನೆ. ನೀರು ಬರುವ ಪೈಪು, ಕೊಳಕು ನೀರು ಹೋಗುವ ಪೈಪು, ಎರಡರ ರೀರೂಟಿಂಗ್‌ಗೂ ಒಂದೇ ಪದ ಬೇಕು. ನಾಳೆ ಅಚ್ಚಿಗೆ ಹೋಗುತ್ತದೆ. ಒಂದು ಪುಟ ಬೇರೆಯಾಗಿ ಕಳಿಸಿದ್ದೇನೆ, ನೋಡಿ ಹೇಳಿ.

>> 'ಕೊಳವೆಮಾರ್ಗ ಪರಿವರ್ತನೆ' ಎನ್ನಿ. ಎರಡಕ್ಕೂ ಸಲ್ಲುತ್ತದೆ.

ಸಲ್ಲುವುದಿಲ್ಲ. ಇದು ಟೆಂಡರ್ ಪ್ರಕಟಣೆಯ ಭಾಷೆ. ಉಳಿ, ಸುತ್ತಿಗೆ ಹಿಡಿದು ಗೋಡೆ ಕೊರೆಯುವವರು ಯಾರೂ ಹೀಗೆ ಮಾತಾಡುವುದಿಲ್ಲ.

ಅವಸರ ಇದೆ ಅಂದಿರಿ, ಹಾಗಾಗಿ ಮೊದಲು ಉತ್ತರ. ತಲೆಬರಹಕ್ಕೆ 'ಪೈಪಿನ ದಾರಿ ಬದಲಿಸುವುದು' ಅಂತ ಹಾಕಿ. ಒಳಗಡೆ ಮಾತ್ರ ಎರಡಕ್ಕೂ ಒಂದೇ ಪದ ಬೇಡ. ಅವು ಬೇರೆ ಬೇರೆ ಕೆಲಸ. ನಲ್ಲಿಗೆ ಬರುವ ನೀರಿಗೆ ಒತ್ತಡ ಇರುತ್ತದೆ. ಆ ಪೈಪನ್ನು ಗೋಡೆಯಲ್ಲಿ ಮೇಲಕ್ಕೆ ಹತ್ತಿಸಿ, ಪಕ್ಕಕ್ಕೆ ಎಳೆದು, ಮತ್ತೆ ಕೆಳಗಿಳಿಸಿದರೂ ನೀರು ಬರುತ್ತದೆ. ಅದಕ್ಕೆ 'ತಿರುಗಿಸು' ಸಾಕು. ಗದ್ದೆಗೆ ನೀರು ತಿರುಗಿಸುತ್ತೇವೆ ಅಲ್ವಾ, ಅದೇ ಪದ.

ಹೊರಗೆ ಹೋಗುವ ನೀರು ತನ್ನ ಭಾರದಿಂದಲೇ ಇಳಿಯಬೇಕು. ಅಲ್ಲಿ ವಾಟ, ಅಂದರೆ ಪೈಪಿಗೆ ಕೊಡುವ ಓರೆ, ಸರಿಯಿಲ್ಲದಿದ್ದರೆ ಕೆಲಸವೆಲ್ಲ ದಂಡ. ಅಡಿಗೆ ಕಾಲು ಇಂಚು ಅನ್ನುವುದು ರೂಢಿಯ ಲೆಕ್ಕ. ಕಮೋಡನ್ನು 8 ಅಡಿ ಆಚೆ ಇಟ್ಟರೆ ಅಷ್ಟು ದೂರದಲ್ಲಿ ಪೈಪು 2 ಇಂಚು ಇಳಿದಿರಬೇಕು. ನೆಲದಡಿ ಅಷ್ಟು ಆಳ ಸಿಗದಿದ್ದರೆ ನೆಲ ಎತ್ತರಿಸಬೇಕು, ಇಲ್ಲವೇ ಕಮೋಡ್ ಇದ್ದಲ್ಲೇ ಇರಬೇಕು. ಅದಕ್ಕೇ ಇಲ್ಲಿ 'ವಾಟ ನೋಡಿ ಹೊಸದಾಗಿ ಹಾಕುವುದು' ಎಂದು ಬರೆಯಿರಿ. ಉದ್ದವಾದರೂ ಪರವಾಗಿಲ್ಲ. ಓದಿದವರು ಮೊದಲು ಓರೆ ನೋಡುವ ರಸಮಟ್ಟ ಕೈಗೆತ್ತಿಕೊಳ್ಳುತ್ತಾರೆ. ನಿಮ್ಮ ಪುಟದಲ್ಲಿ ಬಳಸಿದ 'ಇಳಿಜಾರು' ತಪ್ಪೇನಲ್ಲ. ಆದರೆ ಗುಡ್ಡಕ್ಕೂ ಇಳಿಜಾರು ಇರುತ್ತದೆ. ನೆಲಕ್ಕೆ, ಪೈಪಿಗೆ ಬೇಕೆಂದೇ ಕೊಡುವುದು ವಾಟ.

ಟ್ರ್ಯಾಪ್‌ಗೆ ನೀವು ಹಾಕಿರುವ 'ಬಲೆ'ಯನ್ನು ದಯವಿಟ್ಟು ತೆಗೆಯಿರಿ. ಟ್ರ್ಯಾಪ್ ಅಂದರೆ ಹೊರಹೋಗುವ ಪೈಪಿನ ಬಾಗಿದ ತುಂಡು. ಅದರ ಬಾಗಿನಲ್ಲಿ ಸುಮಾರು 50 ಮಿ.ಮೀ. ನೀರು ನಿಂತಿರುತ್ತದೆ, ಪೈಪಿನೊಳಗಿನ ವಾಸನೆ ಮೇಲೆ ಬಾರದಂತೆ ತಡೆಯುತ್ತದೆ. ಬಲೆ ಅಂದರೆ ಇದು ಯಾರಿಗೂ ಹೊಳೆಯುವುದಿಲ್ಲ. ಟ್ರ್ಯಾಪ್ ಎಂದೇ ಇರಲಿ. ಪೈಪಿನೊಳಗೆ ಗಾಳಿಯಾಡಲು ಬಿಡುವ ವೆಂಟ್‌ಗೆ ನೀವು ಹಾಕಿದ 'ಗಾಳಿ ಪೈಪು' ಚೆನ್ನಾಗಿದೆ.

>> 'ಪೈಪು' ಇಂಗ್ಲಿಷ್. ಕನ್ನಡದ ಕೈಪಿಡಿಯಲ್ಲಿ ಅದಕ್ಕೆ ಜಾಗವಿಲ್ಲ. 'ಕೊಳಾಯಿ' ಇದೆಯಲ್ಲ?

ಇದೇ ಓಲೆಯಲ್ಲಿ, ಇಲ್ಲಿ ಎತ್ತಿ ಹೇಳದ ಸಾಲಿನಲ್ಲಿ, ನೀವು 'ಪಾಯಿಖಾನೆ' ಎಂದು ಬರೆದಿದ್ದೀರಿ. ಅದು ಪಾರಸಿಯಿಂದ ಬಂದದ್ದು. ಹಳೆಯ ಸಾಲ ಸರಿ, ಹೊಸ ಸಾಲ ತಪ್ಪು ಅನ್ನುವುದು ನಿಯಮವೇ ಅಲ್ಲ. ಕೊಳಾಯಿಯ ಬಗ್ಗೆ ನನಗೂ ಪ್ರೀತಿಯಿದೆ. ಕೊಳಲು, ಕೊಳವೆ, ಕೊಳಾಯಿ ಮೂರೂ ಒಂದೇ ಬೇರಿನವು. ಹಳಗನ್ನಡದಲ್ಲಿ ಅದು ಕೊೞಲ್. ತಮಿಳಿನ ಕುೞಲ್, ಕುೞಾಯ್ ಇದರ ನೆಂಟರು. ೞ ಕಾರ ನಮ್ಮಲ್ಲಿ ಳ ಆಯಿತು. ಇಷ್ಟು ಒಳ್ಳೆಯ ಮನೆತನದ ಪದವನ್ನು ನಾನು ಯಾಕೆ ಬೇಡ ಅನ್ನುತ್ತೇನೆ? ಇವತ್ತು ಬಹಳ ಜನರಿಗೆ ಕೊಳಾಯಿ ಅಂದರೆ ನಲ್ಲಿಯೇ. 'ಕೊಳಾಯಿಯನ್ನು ಎಡಗೋಡೆಗೆ ಒಯ್ಯಿರಿ' ಎಂದರೆ ಕೆಲಸಗಾರ ನಲ್ಲಿಯನ್ನು ಒಯ್ಯುತ್ತಾನೆ, ಪೈಪನ್ನಲ್ಲ. ಆಮೇಲೆ ಹೊಸ ಟೈಲ್ಸ್ ಒಡೆಯಬೇಕಾದೀತು. ಪದದ ಹುಟ್ಟು ಎಷ್ಟೇ ಚೆಂದ ಇದ್ದರೂ ಅರ್ಥ ಇವತ್ತಿನ ಬಳಕೆಯದೇ.

ನಮ್ಮದೇ ಪದ ಬೇಕೆನ್ನುವವರು 'ಬಚ್ಚಲು' ಕಡೆ ನೋಡಬೇಕು. ಮೀಯುವ ಜಾಗವೂ ಬಚ್ಚಲು, ನೀರು ಹೊರಗೆ ಹೋಗುವ ಕಿಂಡಿಯೂ ಬಚ್ಚಲು. 'ಬಚ್ಚಲು ಕಟ್ಟಿಕೊಂಡಿದೆ' ಅಂದರೆ ಯಾರೂ ಇಡೀ ಕೋಣೆ ಅಂದುಕೊಳ್ಳುವುದಿಲ್ಲ. ಹಾಗಾಗಿ ಬರುವುದಕ್ಕೆ 'ನೀರಿನ ಪೈಪು', ಹೋಗುವುದಕ್ಕೆ 'ಬಚ್ಚಲ ಪೈಪು'. 'ಚರಂಡಿ ಪೈಪು' ಬೇಡ, ಚರಂಡಿ ಬೀದಿಯದು.

ಇನ್ನೊಂದು. ಅನುವಾದದ ಪುಟದ ಕೊನೆಗೆ 'ಪೂರ್ವಪರೀಕ್ಷೆ ಕಡ್ಡಾಯ' ಅಂತಷ್ಟೇ ಇದೆ. ಅದನ್ನು ಬಿಡಿಸಿ ಬರೆಯಿರಿ: 'ಗೋಡೆ ಮುಚ್ಚುವ ಮುಂಚೆ ನೀರಿನ ಪೈಪಿಗೆ ನೀರು ತುಂಬಿ ಒತ್ತಡ ಕೊಡಿ. ಬಚ್ಚಲ ಪೈಪಿಗೂ ನೀರು ಬಿಡಿ. ಒಂದೊಂದು ಜೋಡಣೆಯನ್ನೂ ಕೈಯಿಂದ ಮುಟ್ಟಿ, ಸೋರುತ್ತಿದೆಯೇ ನೋಡಿ.'