ವಾಲ್ಟ್, ಬೀಮ್: ಗೋಡೆಬರಹಕ್ಕೆ ಕನ್ನಡ ಬೇಕು, ಇವತ್ತೇ

ಹಾಸನದಿಂದ:
ಗೆಳೆಯರೇ, ನಮ್ಮ ಶಾಲೆಯ ಆಟದ ಕೋಣೆಯ ಗೋಡೆಗೆ ಪ್ಯಾರಿಸ್ 2024ರ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್ ಪದಕ ವಿಜೇತರ ಪಟ್ಟಿ ಬರೆಸುತ್ತಿದ್ದೇವೆ. ಪೇಂಟರ್ ಸಂಜೆ ಬರುತ್ತಾರೆ. ಮಹಿಳೆಯರ ವಾಲ್ಟ್‌ನಲ್ಲಿ ಸಿಮೋನ್ ಬೈಲ್ಸ್, ರೆಬೆಕಾ ಆಂಡ್ರೇಡ್, ಜೇಡ್ ಕ್ಯಾರಿ. ಬೀಮ್‌ನಲ್ಲಿ ಅಲೀಚೆ ದಮಾಟೊ, ಝೌ ಯಾಚಿನ್, ಮನಿಲಾ ಎಸ್ಪೊಸಿಟೊ. ಈ ಎರಡು ಆಟಗಳಿಗೆ ಮಕ್ಕಳಿಗೆ ತಿಳಿಯುವ ಕನ್ನಡ ಹೇಳಿ.

ಮೈಸೂರಿನಿಂದ:
ಬೀಮ್‌ಗೆ ತೊಲೆ. ವಾಲ್ಟ್‌ಗೆ ಕುದುರೆ ಜಿಗಿತ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಧಾರವಾಡದಿಂದ:
ಇದೆ. ಕುದುರೆ ಅಂದರೆ ಹಿಂದೆ ಕೈ ಊರಿ ಜಿಗಿಯುತ್ತಿದ್ದ ಉಪಕರಣ. ಸಿಡ್ನಿ 2000ದಲ್ಲಿ ಅದನ್ನು 5 ಸೆಂ.ಮೀ. ತಗ್ಗಿಗೆ ನಿಲ್ಲಿಸಿ ಎಷ್ಟೋ ಹುಡುಗಿಯರು ಎಡವಿದರು. ಮರುವರ್ಷ ಕುದುರೆಯೇ ಹೋಯಿತು. ಈಗಿರುವುದು ಅಗಲವಾದ ಮೇಜು, ಮುಂಭಾಗ ಕೆಳಕ್ಕೆ ಬಾಗಿದೆ. ಅಲ್ಲದೆ ಗಂಡಸರ ಪಾಮೆಲ್ ಹಾರ್ಸ್, ಅಂದರೆ ಹಿಡಿಗಳಿರುವ ಕುದುರೆ, ಇನ್ನೂ ಇದೆ. ಪ್ಯಾರಿಸ್‌ನಲ್ಲಿ ಅದರಲ್ಲಿ ಚಿನ್ನ ಗೆದ್ದವರು ಐರ್ಲೆಂಡಿನ ರೀಸ್ ಮೆಕ್‌ಕ್ಲೆನಹನ್. ಎರಡಕ್ಕೂ ಕುದುರೆ ಅಂದರೆ ಮಕ್ಕಳು ಏನು ತಿಳಿಯಬೇಕು?
ವಾಲ್ಟ್ ನೋಡಿದ್ದೀರಲ್ವಾ? ಓಡಿ ಬಂದು ಹಲಗೆ ಮೆಟ್ಟಿ ಚಿಮ್ಮುತ್ತಾರೆ. ಮೇಜಿಗೆ ಕೈ ಊರಿ, ಗಾಳಿಯಲ್ಲಿ ಲಾಗ ಹಾಕಿ, ಕಾಲೂರಿ ನಿಲ್ಲುತ್ತಾರೆ. 'ಮೇಜು ಲಾಗ' ಅನ್ನಿ. ಅಚ್ಚಗನ್ನಡ.

ಮೈಸೂರಿನಿಂದ:
ಲಕಾರದಿಂದ ಶುರುವಾಗುವ ಪದ ಅಚ್ಚಗನ್ನಡ ಹೇಗಾಗುತ್ತೆ? ಮೇಜೂ ಹೊರಗಿನದೇ. ಇಷ್ಟೇ ಆದರೆ ವಾಲ್ಟ್ ಅಂತಲೇ ಬರೆಸಿ, ಪತ್ರಿಕೆಯವರು ಬರೆಯುವ ಹಾಗೆ.

ಧಾರವಾಡದಿಂದ:
ಹೊಳೆಗೆ ಲಾಗ ಹಾಕುವ ಹುಡುಗ ಪದದ ಹುಟ್ಟೂರು ಕೇಳುವುದಿಲ್ಲ. ಪದಕ ಸಂಸ್ಕೃತ, ಕುರ್ಚಿ ಅರಬ್ಬಿ. ಅವನ್ನು ಬಿಡುತ್ತೀರಾ? ಬಾಯಲ್ಲಿ ಪಳಗಿದ್ದು ಕನ್ನಡ. ಪತ್ರಿಕೆಯಲ್ಲಿ ಓದಿದ್ದು ಮಾತ್ರ ಪಳಗಿದ್ದಲ್ಲ.

ಬೆಂಗಳೂರಿನಿಂದ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ತೊಲೆಯ ಅಗಲ ಬರೀ 10 ಸೆಂ.ಮೀ., ಎತ್ತರ 1.25 ಮೀಟರ್. ಪ್ಯಾರಿಸ್‌ನಲ್ಲಿ ಬೈಲ್ಸ್ ಕೂಡ ಅದರ ಮೇಲಿಂದ ಬಿದ್ದರು. ಹಾಗಾಗಿ ಬರೀ ತೊಲೆ ಸಾಲದು, 'ತೊಲೆಯ ಮೇಲಿನ ಆಟ' ಇರಲಿ. ಮತ್ತೆ, ನಮ್ಮ ದೇಶದ ದೀಪಾ ಕರ್ಮಾಕರ್ ಹೆಸರು ಎಲ್ಲಿ? ರಿಯೊ 2016ರ ವಾಲ್ಟ್‌ನಲ್ಲಿ 0.15 ಅಂಕದಿಂದ ಕಂಚು ತಪ್ಪಿ ನಾಲ್ಕನೆಯವರಾದರು. 2024ರಲ್ಲಿ ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಅದೇ ವಾಲ್ಟ್‌ಗೆ ಚಿನ್ನ. ನಮ್ಮ ಮಕ್ಕಳು ಮೊದಲು ಓದಬೇಕಾದ ಹೆಸರು ಅದು.

ಹಾಸನದಿಂದ:
ದೀಪಾಗೆ ಮೇಲಿನ ಸಾಲು ಕೊಟ್ಟೆ. 'ಮೇಜು ಲಾಗ', 'ತೊಲೆಯ ಮೇಲಿನ ಆಟ' ಬರೆಸುತ್ತಿದ್ದೇನೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ವಾಲ್ಟ್, ಬೀಮ್ ಅಂತಲೂ ಇರುತ್ತೆ.

ಮೈಸೂರಿನಿಂದ:
ಲಾಗಕ್ಕೆ ನನ್ನ ಒಪ್ಪಿಗೆ ಇಲ್ಲ.