ಪಿಯುಸಿ ಆರ್ಟ್ಸ್ ಆದ್ಮೇಲೆ ಗ್ರಾಫಿಕ್ ಡಿಸೈನ್: ಬಿವಿಎನಾ (ದೃಶ್ಯಕಲೆಯ ಡಿಗ್ರಿ), ಬಿ.ಡೆಸ್ಸಾ (ಡಿಸೈನ್ ಡಿಗ್ರಿ)?

ದುರ್ಗದ_ಕುಂಚ
ತಂಗಿ ಚಿತ್ರದುರ್ಗದಲ್ಲಿ ದ್ವಿತೀಯ ಪಿಯುಸಿ, ಆರ್ಟ್ಸ್. ಕೈ ಚೆನ್ನಾಗಿದೆ. ಗ್ರಾಫಿಕ್ ಡಿಸೈನ್ ಇಲ್ಲವೇ ಪ್ರಿಂಟಿಂಗ್-ಇಮೇಜಿಂಗ್ ಕಡೆ ಡಿಗ್ರಿ ಮಾಡಬೇಕಂತೆ. ದಾವಣಗೆರೆಯಲ್ಲೇ ಆಗುತ್ತಾ? ಮಲ್ಟಿಮೀಡಿಯಾ ಸೆಂಟರ್ ಒಂದರವರು ತಮ್ಮ ಕೋರ್ಸೂ ಡಿಗ್ರಿಗೆ ಸಮ ಅಂತಿದ್ದಾರೆ.

ಹಳೇಪೇಟೆ
ಪ್ರಿಂಟಿಂಗ್ ಟೆಕ್ನಾಲಜಿ ಬಿಡಿ. ಅದು ಇಂಜಿನಿಯರಿಂಗ್. ಚೆನ್ನೈನ ಗಿಂಡಿ ಕಾಲೇಜಾಗಲಿ, ಕೋಲ್ಕತ್ತದ ಜಾದವಪುರವಾಗಲಿ, ಪಿಯುಸಿಯಲ್ಲಿ ಫಿಸಿಕ್ಸ್-ಮ್ಯಾತ್ಸ್ ಇಲ್ಲದೆ ಸೀಟಿಲ್ಲ.

ಆರ್ಟ್ಸ್‌ನವರಿಗೆ ಹತ್ತಿರದ ದಾರಿ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. 1964ರಿಂದ ಇರುವ ಸಂಸ್ಥೆ. 4 ವರ್ಷದ ಬಿವಿಎ. ಅಲ್ಲಿ ಅನ್ವಯಿಕ ಕಲೆ ತಗೊಳ್ಳಬೇಕು, ಪೇಂಟಿಂಗ್ ಅಲ್ಲ. ಲೋಗೊ, ಪೋಸ್ಟರ್, ಪ್ಯಾಕೇಜಿಂಗ್ ಎಲ್ಲ ಬರೋದು ಅದರಲ್ಲೇ.

ಬಿ.ಡೆಸ್‌ಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಅನ್ನೋ ಪ್ರವೇಶ ಪರೀಕ್ಷೆ ಇದೆ. ಆರ್ಟ್ಸ್‌ನವರೂ ಬರೀಬಹುದು. 3 ಗಂಟೆ, 300 ಅಂಕ: ಕಂಪ್ಯೂಟರ್‌ನಲ್ಲಿ 200, ಕೈಯಲ್ಲಿ ಬಿಡಿಸಿ ಬರೆಯೋದು 100. ಮೊದಲ ಭಾಗದ ಕಟ್‌ಆಫ್ ದಾಟದಿದ್ದರೆ ಡ್ರಾಯಿಂಗ್ ಹಾಳೆಯನ್ನು ನೋಡೋದೇ ಇಲ್ಲ. ಕೈ ಚೆನ್ನಾಗಿರೋ ಮಕ್ಕಳೇ ಇಲ್ಲಿ ಮುಗ್ಗರಿಸೋದು. ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ, ಪರೀಕ್ಷೆ ಜನವರಿಯಲ್ಲಿ. ಅಂದರೆ ಪಿಯುಸಿ ರಿಸಲ್ಟ್ ಬಂದಮೇಲೆ ಯೋಚನೆ ಮಾಡಿದರೆ ಆ ವರ್ಷ ಹೋಯ್ತು. ಇನ್ನೊಂದು, ಎನ್‌ಐಡಿ (ರಾಷ್ಟ್ರೀಯ ಡಿಸೈನ್ ಸಂಸ್ಥೆ) ಬೆಂಗಳೂರಲ್ಲೇ ಇದೆಯಲ್ಲ ಅಂತ ಲೆಕ್ಕ ಹಾಕಬೇಡಿ. ಅಲ್ಲಿರೋದು ಎಂ.ಡೆಸ್ (ಸ್ನಾತಕೋತ್ತರ) ಮಾತ್ರ, ಅವರ ಬಿ.ಡೆಸ್‌ಗೆ ಅಹಮದಾಬಾದ್, ಆಂಧ್ರ, ಹರಿಯಾಣ, ಮಧ್ಯಪ್ರದೇಶ, ಅಸ್ಸಾಂ.

ಸೆಂಟರ್‌ನವರಿಗೆ ಒಂದೇ ಮಾತು ಕೇಳಿ: ಅಂಕಪಟ್ಟಿ ಕೊಡೋ ವಿಶ್ವವಿದ್ಯಾಲಯ ಯಾವುದು? ಹೆಸರು ಹೇಳಿದರೆ ಯುಜಿಸಿ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅದು ಸಾಫ್ಟ್‌ವೇರ್ ಕ್ಲಾಸು, ಅಷ್ಟೇ.

ಸಿಎಂವೈಕೆ_ದಾವಣಗೆರೆ
ಮೇಲಿನವರು ಹೇಳಿದ್ದು ಸರಿ. ಯಾವ ಕಾಲೇಜಾದರೂ ಕನ್ನಡ ಅಕ್ಷರದ ಕೆಲಸ ಈಗಲೇ ಕಲಿಯಲಿ, ಈ ಊರುಗಳಲ್ಲಿ ಅನ್ನ ಕೊಡೋದು ಅದೇ. ಹಳೇ ಆವೃತ್ತಿಯ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತಕ್ಷರ ಬಿಡಿಬಿಡಿಯಾಗಿ, ‘ಸ್ತ್ರೀ’ ಹೋಗಿ ‘ಸ್‌ತ್‌ರೀ’ ಆಗುತ್ತೆ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ ಹೊಸ ಫೈಲ್ ತೆರೆದರೆ ಸರಿಹೋಗುತ್ತೆ. ಇನ್‌ಡಿಸೈನ್‌ನಲ್ಲಾದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್.

ಆಮೇಲೆ ಕಪ್ಪು. ಆರ್‌ಜಿಬಿಯಲ್ಲಿ (ಪರದೆಯ ಬಣ್ಣ) ಮಾಡಿದ ಕಪ್ಪು ಅಕ್ಷರವನ್ನು ಸಿಎಂವೈಕೆಗೆ (ಮುದ್ರಣದ ನಾಲ್ಕು ಇಂಕು) ತಿರುಗಿಸಿದರೆ ನಾಲ್ಕೂ ಇಂಕು ಸೇರಿಬಿಡುತ್ತೆ. ಆಫ್‌ಸೆಟ್‌ನಲ್ಲಿ ಪ್ಲೇಟ್ ಕೂದಲೆಳೆ ಜರುಗಿದರೂ ಸಣ್ಣ ಒತ್ತಿನ ಸುತ್ತ ಕೆಂಪು-ನೀಲಿ ಅಂಚು. ಪಠ್ಯಕ್ಕೆ ಕೆ (ಕಪ್ಪು ಇಂಕು) 100, ಉಳಿದ ಮೂರೂ ಸೊನ್ನೆ ಇರಲಿ.

ದುರ್ಗದ_ಕುಂಚ
ಪೋರ್ಟ್‌ಫೋಲಿಯೊ ಯಾವ ಅಳತೆ?

ಸಿಎಂವೈಕೆ_ದಾವಣಗೆರೆ
ಕಾಲೇಜು ಬೇರೆ ಹೇಳದಿದ್ದರೆ ಎ3. 300 ಡಿಪಿಐಗೆ 3508×4961 ಪಿಕ್ಸೆಲ್, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗೋ ಹೆಚ್ಚುವರಿ ಅಂಚು). ಮುಗಿದ ಪೋಸ್ಟರ್ ಜೊತೆ ಅದರ ಪೆನ್ಸಿಲ್ ಕರಡುಗಳನ್ನೂ ಇಡಲಿ. ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಪಿಕ್ಸೆಲ್ ಎಲ್ಲ ಸೋಸಿಹೋಗಿರುತ್ತೆ.