ಟಿವಿಗೆ ನೇರವಾಗಿ ಜೋಡಿಸುವ ಆಟಗಳು ಮರೆಯಾದದ್ದೇಕೆ?

ಪ್ರಶ್ನೆ: 2000ದ ದಶಕದಲ್ಲಿ ಅಮೆರಿಕದಲ್ಲಿ ಭರ್ಜರಿಯಾಗಿ ಮಾರಾಟವಾದ, ಜಾಯ್‌ಸ್ಟಿಕ್ಕಿನೊಳಗೇ ಹಳೆಯ ಆಟಗಳನ್ನು ತುಂಬಿ ನೇರವಾಗಿ ಟಿವಿಗೆ ಜೋಡಿಸುತ್ತಿದ್ದ ಸಾಧನಗಳು ಮರೆಯಾದದ್ದೇಕೆ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ಆಟಿಕೆ ಕಂಪನಿ ಜ್ಯಾಕ್ಸ್ ಪೆಸಿಫಿಕ್ 2002ರಲ್ಲಿ ತಂದ ಜಾಯ್‌ಸ್ಟಿಕ್ಕಿನಲ್ಲಿ ಹಳೆಯ ವಿಡಿಯೊ ಗೇಮ್ ಕಂಪನಿ ಅಟಾರಿಯ 10 ಆಟಗಳಿದ್ದವು, ಬ್ಯಾಟರಿ ಹಾಕಿ ಹಳದಿ ಪಿನ್ನನ್ನು ಟಿವಿಗೆ ಸಿಕ್ಕಿಸಿದರೆ ಚಿತ್ರ ಮೂಡುತ್ತಿತ್ತು. ಅಗ್ಗದ ಚಿಪ್ಪೇ ಅದರ ಬಲ, ಆದರೆ ಆಟಗಳು ಮೂಲದವಲ್ಲ, ಹೊಸದಾಗಿ ಬರೆದವು.

ಉತ್ತರ 2: ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಸರ್. ಚಿಪ್ ವಿನ್ಯಾಸಕಿ ಜೆರಿ ಎಲ್ಸ್‌ವರ್ತ್ ವಿನ್ಯಾಸಗೊಳಿಸಿದ 2004ರ ಕಮೋಡೋರ್ 64 ಜಾಯ್‌ಸ್ಟಿಕ್, ಅದೇ ಹೆಸರಿನ 1980ರ ದಶಕದ ಇಡೀ ಮನೆಬಳಕೆಯ ಕಂಪ್ಯೂಟರನ್ನೇ ಒಂದು ಚಿಪ್ಪಿನಲ್ಲಿ ಅಡಗಿಸಿತ್ತು. ಹವ್ಯಾಸಿಗಳು ಅದನ್ನು ಬಿಚ್ಚಿ, ಬೆಸುಗೆ ಹಾಕಿ ಕೀಬೋರ್ಡನ್ನೂ ಜೋಡಿಸಿದರು.

ಉತ್ತರ 3: ಸ್ಮಾರ್ಟ್‌ಫೋನಿನಲ್ಲಿ ಹಳೆಯ ಆಟಗಳು ಅಗ್ಗವಾಗಿ ಸಿಕ್ಕವು, ಹೊಸ ಟಿವಿಗಳಲ್ಲಿ ಹಳದಿ ಪಿನ್ನಿನ ಜಾಗವೂ ಕಾಣೆಯಾಗತೊಡಗಿತು. ಆದರೂ 2016ರಲ್ಲಿ ನಿಂಟೆಂಡೊ ತನ್ನ ಹಳೆಯ ಆಟದ ಯಂತ್ರ ಎನ್‌ಇಎಸ್‌ನ ಪುಟ್ಟ ರೂಪವನ್ನು ಹೊಸ ಟಿವಿಗಳ ಎಚ್‌ಡಿಎಂಐ ಸಂಪರ್ಕದೊಂದಿಗೆ ತಂದಾಗ ಅಂಗಡಿಗಳಲ್ಲಿ ದಾಸ್ತಾನು ಉಳಿಯಲಿಲ್ಲ.